ಹದಿನಾರು ಕೆಬಿಯ ಗಿಳಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಡಬ್ಬಾ ಅಕ್ಕ ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾರೆ. ಸಡಿಲಾದ ಮೆಮೊರಿ ಚಿಪ್ಪುಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಗುಂಡಿ ಅದುಮುತ್ತಾರೆ. ಕಪ್ಪು ಪರದೆಯ ಮೂಲೆಯಲ್ಲಿ ಅಂಕಿಗಳು ಏರುತ್ತಾ ಏರುತ್ತಾ ಆರುನೂರ ನಲವತ್ತು ಕೆಬಿಗೆ ಬಂದು ನಿಲ್ಲುತ್ತವೆ. “ಸದ್ಯ, ಎದ್ದಿತು ಮಾರಾಯ,” ಎಂದು ಅದರ ಬೆನ್ನು ತಟ್ಟುತ್ತಾರೆ.

ಇವರು ಮೊದಲು ಕಂಪ್ಯೂಟರ್ ಕಾರ್ಖಾನೆಯಲ್ಲಿ ಪರದೆ ಪರೀಕ್ಷಿಸುತ್ತಿದ್ದವರು. ಹಸಿರಕ್ಷರದ ಪರದೆ, ನಾಲ್ಕು ಬಣ್ಣದ್ದು, ಹದಿನಾರು ಬಣ್ಣದ್ದು. ಒಂದರ ತಂತಿ ಇನ್ನೊಂದಕ್ಕೆ ಆಗಿಬರುತ್ತಿರಲಿಲ್ಲ. “ಹೊಸ ಬಣ್ಣ ಬಂದಾಗಲೆಲ್ಲ ಹಳೇದು ಗುಜರಿಗೆ. ಕಾರ್ಖಾನೆ ಮುಚ್ಚಿದಾಗ ನಾನೂ ಗುಜರಿಗೇ ಅಂದ್ಕೊಂಡೆ,” ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿ ಈ ರಿಪೇರಿ ಕೆಲಸ ಹಿಡಿದರು. ದಿನಕ್ಕೆ ಒಂದೋ ಎರಡೋ ಗಿರಾಕಿ. ಕೆಲವು ದಿನ ನೊಣ ಹೊಡೆಯುವುದೇ. ಡಬ್ಬಾ ಎಂಬ ಹೆಸರು ತಂಗಿ ರೇಗಿ ಇಟ್ಟದ್ದು: “ಮನೆ ತುಂಬ ಡಬ್ಬಾ! ಕಾಲಿಡೋಕೆ ಜಾಗ ಎಲ್ಲಿದೆ ಅಕ್ಕಾ?”

ಕಳೆದ ತಿಂಗಳು ನರ್ಸ್ ಒಬ್ಬರು, ತೀರಿಹೋದ ತಂದೆಯ ಕಂಪ್ಯೂಟರ್ ಹೊತ್ತು ತಂದರು. ಚಿಕ್ಕವಳಿದ್ದಾಗ ಅಪ್ಪ ಅದರಲ್ಲಿ ಹಸಿರು ಗಿಳಿ ಬಿಡಿಸಿಕೊಟ್ಟಿದ್ದರಂತೆ. ಈಗ ಅಕ್ಕನ ಪರದೆಯಲ್ಲಿ ತೆರೆದರೆ ಬರೀ ಕಪ್ಪು ಬಿಳಿ ಗೆರೆಗಳು. “ನನ್ನ ನೆನಪೇ ಸುಳ್ಳೇನೋ ಅನ್ನಿಸ್ತಿದೆ ಅಕ್ಕಾ,” ಎಂದರು.

ಅಕ್ಕ ಚಿಪ್ಪು ಬದಲಿಸಿದರು, ತಂತಿ ಬದಲಿಸಿದರು. ಗಿಳಿ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಸೋತು ಕೇಳಿದರು: “ಆಗ ನಿಮ್ಮನೇಲಿ ಎಂಥ ಪರದೆ ಇತ್ತಮ್ಮಾ?”

“ಪರದೆ ಎಲ್ಲಿಂದ ಬರ್ಬೇಕು? ಟಿವಿಗೇ ಸಿಕ್ಕಿಸ್ತಿದ್ರು. ಸಿನಿಮಾ ತಪ್ಪಿಹೋಯ್ತು ಅಂತ ಅಮ್ಮಂದು ಒಂದೇ ಜಗಳ.”

ಅಕ್ಕ ಹಣೆ ಚಚ್ಚಿಕೊಂಡರು. ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಆ ಕಾಲದ ಕಾರ್ಡಿನಲ್ಲಿ ಚಿತ್ರಕ್ಕೆಂದು ಇದ್ದದ್ದೇ ಹದಿನಾರು ಕೆಬಿ. ಅಷ್ಟು ಮೆಮೊರಿಯಲ್ಲಿ ಸಣ್ಣ ಸಣ್ಣ ಚುಕ್ಕೆಯ ಚಿತ್ರ ಬರೆದರೆ ಕಪ್ಪು ಬಿಳಿ ಬಿಟ್ಟು ಬೇರೆ ಬಣ್ಣಕ್ಕೆ ಜಾಗವಿಲ್ಲ. ಆದರೆ ಹಳೆಯ ಟಿವಿಗೆ ಅಷ್ಟು ಸಣ್ಣ ಗೆರೆ ಬೇರೆ ಬೇರೆಯಾಗಿ ತೋರಿಸಲು ಬಾರದು. ಅವನ್ನು ಕಲಸಿ ಬಣ್ಣ ಮಾಡಿಬಿಡುತ್ತದೆ. ಅಪ್ಪ ಈ ಕಲಸುವಿಕೆಯನ್ನೇ ನಂಬಿ ಬಿಡಿಸಿದ್ದರು.

ಮೂಲೆಯಲ್ಲಿದ್ದ ತಮ್ಮ ಹಳೇ ಟಿವಿ ಎಳೆದು ತಂತಿ ಸಿಕ್ಕಿಸಿದರು. ಗೆರೆಗಳು ಕರಗಿದವು. ಹಸಿರು ರೆಕ್ಕೆ, ಕೆಂಪು ಕೊಕ್ಕು. ನರ್ಸ್ ಗಾಜಿನ ಮೇಲೆ ಅಂಗೈ ಇಟ್ಟು ಬಿಕ್ಕಿದರು: “ಇದೇ, ಇದೇ ಅಕ್ಕಾ!”

“ಆ ಟಿವೀನೂ ಅವರಿಗೇ ಕೊಟ್ಟು ಕಳಿಸಿದೆ,” ಎನ್ನುತ್ತಾರೆ ಅಕ್ಕ. “ಅದಿಲ್ದೆ ಗಿಳಿ ಎಲ್ಲಿ ಕೂರ್ಬೇಕು ಹೇಳಿ? ಅಂಥದ್ದು ಇನ್ನೊಂದು ಯಾರ ಅಟ್ಟದಲ್ಲಾದ್ರೂ ಕಂಡ್ರೆ ತಿಳಿಸಿ. ಹೀಗೇ ಹುಡುಕ್ಕೊಂಡು ಇನ್ಯಾರಾದ್ರೂ ಬರಬಹುದು.”