ಗೂರ್ಖಾನಿಗೆ ಬಡಿಸಿದ ಹೋಳಿಗೆ

ವಿದ್ಯಾನಗರದ ಆ ಬೀದಿಯಲ್ಲಿ ಟೀಕಾರಾಮ ಹದಿನಾಲ್ಕು ವರ್ಷ ಸೀಟಿ ಊದಿದ್ದ. ಅಷ್ಟು ವರ್ಷದಲ್ಲಿ ಯಾರೂ ಅವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿರಲಿಲ್ಲ. ಹಬ್ಬಕ್ಕೆ ಗೇಟಿನ ಮೇಲಿಂದ ಡಬ್ಬಿ ಬರುತ್ತಿತ್ತು, ತೊಳೆದ ಡಬ್ಬಿ ಅದೇ ಗೇಟಿನ ಮೇಲಿಂದ ವಾಪಸ್ಸು ಹೋಗುತ್ತಿತ್ತು. ವ್ಯವಹಾರ ಚೊಕ್ಕವಾಗಿತ್ತು. ಹೀಗಿರುವಾಗ ಕಿರಾಣಿ ಅಂಗಡಿಯ ಉಜ್ಜನಪ್ಪ, "ಟೀಕಪ್ಪಾ, ಭಾನುವಾರ ಮಧ್ಯಾಹ್ನ ನಮ್ಮನ್ಯಾಗೆ ಊಟಕ್ಕೆ ಬಾ" ಎಂದಾಗ ಅವನ ಎದೆ ಧಸಕ್ಕೆಂದಿತು.

ಅವನು ನೇಪಾಳದವನು. ಇಲ್ಲೇ ಹರಿಹರದಲ್ಲಿ ಒಂದು ಬಾಡಿಗೆ ಕೋಣೆ, ಹೆಂಡತಿ, ಐದನೇ ಕ್ಲಾಸಿನ ಮಗಳು. ಆ ಮಗಳಿಗೆ ಜಗಳ ನೇಪಾಳಿಗಿಂತ ಕನ್ನಡದಲ್ಲೇ ಚೆನ್ನಾಗಿ ಬರುತ್ತದೆ. ಈ ಬೀದಿಯ ಕೆಲಸ ಹೋದರೆ ಅವಳ ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಕಳೆದ ವಾರವಷ್ಟೇ ಏಣಿ ತಂದವರು ಕ್ಯಾಮರಾ ಹಾಕಲು ಬೀದಿಯ ಕಂಬಗಳನ್ನು ನೋಡಿಕೊಂಡು ಹೋಗಿದ್ದರು. ಅದರ ಬೆನ್ನಿಗೇ ಈ ಊಟ.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಂದ. ಬಾಳೆಲೆ ಹಾಸಿತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಎಲೆಯ ತುದಿಗೆ ಹೋಳಿಗೆ. ಹೋಳಿಗೆ ಕಂಡದ್ದೇ ಟೀಕಾರಾಮನ ಅನುಮಾನ ಗಟ್ಟಿಯಾಯಿತು. ಸುಮ್ಮಸುಮ್ಮನೆ ಗೂರ್ಖಾನಿಗೆ ಯಾರಾದರೂ ಹೂರಣ ರುಬ್ಬುತ್ತಾರೆಯೇ?

ರುಬ್ಬಿದ್ದು ಉಜ್ಜನಪ್ಪನ ಹೆಂಡತಿ ಉಡಚಮ್ಮ. ಅಳಿಯನನ್ನು ಕರೆಯಲೂ ಹಿಂದೆಮುಂದೆ ನೋಡುವ ಗಂಡನಿಗೆ ಕೊನೆಗೂ ಧಾರಾಳ ಬುದ್ಧಿ ಬಂತೆಂದು ಆಕೆಗೆ ಹಿಗ್ಗೋ ಹಿಗ್ಗು.

ಎರಡನೇ ರೊಟ್ಟಿಗೆ ಉಜ್ಜನಪ್ಪ ಗಂಟಲು ಸರಿಮಾಡಿಕೊಂಡ. "ಅದೇನಪ್ಪಾ ಅಂದ್ರ, ಟೀಕಪ್ಪಾ, ಬೀದಿಯೋರೆಲ್ಲ ಸೇರಿ ಒಂದು..."

"ಉಣ್ಣೋರ ಮುಂದೆ ಎಂಥ ಬೀದಿ ಮಾತ್ರೀ?" ಎಂದು ಉಡಚಮ್ಮ ತಡೆದಳು. "ಮೊದ್ಲು ಉಣ್ಲಿ ಬಿಡ್ರಿ. ತಮ್ಮಾ, ರೊಟ್ಟಿ ಹಾಕ್ಲಾ?"

"ಹಾಕ್ರಿ ಅಕ್ಕಾರೆ."

ಟೀಕಾರಾಮನಿಗೆ ದಾರಿ ಕಂಡಿತು. ಉಣ್ಣುತ್ತಿರುವ ತನಕ ಕೆಲಸ ಉಂಟು. ಮೂರನೇ ರೊಟ್ಟಿ ಹೋಯಿತು, ನಾಲ್ಕನೆಯದು ಹೋಯಿತು. ಉಜ್ಜನಪ್ಪ ಬಾಯಿ ತೆರೆದಾಗಲೆಲ್ಲ ಇವನು "ಚಟ್ನಿಪುಡಿ ಭಾಳ ಚಂದೈತ್ರಿ" ಎನ್ನುವನು. ಇನ್ನೊಂದು ಹೋಳಿಗೆ ಬಂತು, ಅದರ ಮೇಲೆ ತುಪ್ಪ. ಅನ್ನ ಬಂತು, ಹೋಳಿಗೆ ಸಾರು ಬಂತು. ಬೆನ್ನಲ್ಲಿ ಬೆವರು, ಪ್ಯಾಂಟಿನ ಗುಂಡಿ ಹೊಟ್ಟೆಗೆ ಒತ್ತುತ್ತಿತ್ತು. ಮಜ್ಜಿಗೆ ಅನ್ನದ ಅರ್ಧಕ್ಕೆ ಕೈ ನಿಂತೇ ಹೋಯಿತು.

"ಸಾವ್ಕಾರ್ರೆ, ಅದೇನೈತೋ ಹೇಳಿಬಿಡ್ರಿ. ಇನ್ನು ಹೊಟ್ಟ್ಯಾಗೆ ಜಾಗ ಇಲ್ಲ."

ಉಜ್ಜನಪ್ಪ ಗೋಡೆ ನೋಡಿಕೊಂಡು ಹೇಳಿದ. "ಒಂದನೇ ತಾರೀಖಿಂದ ಕ್ಯಾಮರಾ ಬರ್ತಾವಪ್ಪ. ನೀನು ಬ್ಯಾಡ ಅಂತ ಮೀಟಿಂಗ್‌ನಾಗೆ ಆಗೈತೆ. ಹೇಳೋ ಕೆಲ್ಸ ನನ್ ತಲಿಗೆ ಕಟ್ಟಿದ್ರು. ಬರೇ ಹೊಟ್ಟೆಗೆ ಹೆಂಗೆ ಹೇಳೋದು ಅಂತ..."

ಉಡಚಮ್ಮನ ಕೈಯ ಸೌಟು ಪಾತ್ರೆಗೆ ಬಡಿಯಿತು. "ಇದನ್ನ ಹೇಳಾಕೆ ನನ್ ಕೈಲಿ ಹೋಳಿಗೆ ಮಾಡ್ಸಿದ್ರಾ? ನಮ್ಮನೆ ಎಲಿಮ್ಯಾಲೆ ಉಂಡೋನಿಗೆ ಎಲಿ ತೆಗ್ಯೋಕೆ ಮುಂಚೆ ಹೋಗು ಅಂತೀರಲ್ಲ, ನಾಳೆ ನಾನು ಇನ್ಯಾರಿಗೆ ಎಲಿ ಹಾಕ್ಲಿ? ಅಂಗಡ್ಯಾಗೆ ಹೇಳಿ ಕಳಿಸಾಕೆ ಏನಾಗಿತ್ತು ನಿಮಗೆ?"

ವ್ಯಾಪಾರದಲ್ಲಿ ಎಂದೂ ಮೋಸಹೋಗದ ಉಜ್ಜನಪ್ಪ ಸ್ವಂತ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಿದ್ದ. ಎದ್ದುಹೋಗಿ ಬೀದಿ ಕಮಿಟಿಯ ಬಂಗಾರಪ್ಪನಿಗೆ ಫೋನು ಹಚ್ಚಿದ. "ನನ್ ಕೈಲಿ ಆಗಂಗಿಲ್ಲ ಮಾರಾಯ. ಉಂಡುಬಿಟ್ಟಾನೆ. ನೀನೇ ಹೇಳ್ಕೋ ಹೋಗು. ನಂದು ಕೇಳಿದ್ರೆ ಅವ್ನು ಇರ್ಲಿ ಅಂತ ಬರ್ಕೋ."

ಟೀಕಾರಾಮ ಕೈ ತೊಳೆಯುತ್ತ ಅಷ್ಟನ್ನೂ ಕೇಳಿಸಿಕೊಂಡ. ಒಂದು ಮನೆ ತನ್ನ ಕಡೆ ಆಯಿತು. ಬೀದಿಯಲ್ಲಿ ಇನ್ನೂ ಮೂವತ್ತೊಂದು ಮನೆ ಇದ್ದವು.

ಮರುದಿನ ಸಂಜೆ ಬಂಗಾರಪ್ಪ ತನ್ನ ಮನೆಯ ಗೇಟಿನಲ್ಲೇ ಕಾದು ನಿಂತಿದ್ದ. "ಟೀಕಪ್ಪಾ, ಬಾ ಇಲ್ಲಿ, ನಿನ್ ಹತ್ರ ಒಂದು ಮಾತೈತೆ."

ಟೀಕಾರಾಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಗೇಟು ದಾಟಿ, ಒಳಗಿನ ಅಡುಗೆಮನೆಗೂ ಕೇಳುವಂತೆ ಹೇಳಿದ: "ಹೇಳ್ರಿ ಸಾಹೇಬ್ರೆ. ಬೆಳಗ್ಗಿಂದ ಇನ್ನೂ ಊಟ ಆಗಿಲ್ಲ."