ಅಕ್ಕನ ಬೈಕಿಗೆ ಹಾಕಿದ ಬ್ರೇಕ್ ಪೈಪು

ಮೊನ್ನೆ ಮಗಳ ಸ್ಕೂಟರನ್ನು ಸರ್ವೀಸಿಗೆ ಬಿಡಲು ಹೋದಾಗ ಯಾರೋ ಬ್ರೇಕ್ ಆಯಿಲ್ ಡಬ್ಬಿ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ...

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಕ್ಕ ಇದ್ದರು. ತಿ. ನರಸೀಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿಗೆ ಹೋಗುತ್ತಿದ್ದದ್ದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕಿನಲ್ಲಿ. ಮುಂದಿನ ಚಕ್ರಕ್ಕೆ ಎರಡು ಡಿಸ್ಕ್ ಬ್ರೇಕು. ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅವರಷ್ಟು ಹದವಾಗಿ ಗಾಡಿ ಓಡಿಸಿದವರನ್ನು ನಾನು ಕಂಡಿಲ್ಲ.

ಕೈಯ ಬ್ರೇಕ್ ಲಿವರ್ ಮೆತ್ತಗಾಗಿದೆ ಎಂದು ಮುಂದಿನ ಬ್ರೇಕಿಗೆ ಆಯಿಲ್ ಹೋಗುವ ಪೈಪು ಬದಲಾಯಿಸಲು ಹೊರಟಾಗ ನನ್ನನ್ನೂ ಕರೆದರು. ರಬ್ಬರಿನದ್ದು ಬೇಡ, ಸ್ಟೀಲ್ ಹೆಣಿಗೆಯದ್ದು ಬೇಕು. ಮಧ್ಯೆ ಕವಲು ಬೇಡ, ಲಿವರಿನಿಂದ ಎರಡು ಬ್ರೇಕಿಗೂ ಒಂದೊಂದು ಪೈಪು ನೇರವಾಗಿ ಇಳಿಯಬೇಕು. ಎಲ್ಲ ಯೋಚಿಸಿಕೊಂಡೇ ಬಂದಿದ್ದರು. ಕೇಳಿದ್ದು ಅವರು. ಗ್ಯಾರೇಜಿನವನು ಉತ್ತರ ಕೊಟ್ಟದ್ದೆಲ್ಲ ನನ್ನ ಮುಖ ನೋಡಿಕೊಂಡು! ನನಗೆ ಬೈಕು ಓಡಿಸಲೇ ಬರುತ್ತಿರಲಿಲ್ಲ.

“ಲೇಡೀಸ್‌ಗೆ ಇದೆಲ್ಲ ಯಾಕ್ ಸಾ? ನಾನ್ ಆಕ್ಕೊಡ್ತೀನಿ ಬಿಡಿ,” ಅಂದ.

“ಓಡ್ಸೋಳು ನಾನು ಕಣಪ್ಪ. ನನ್ನತ್ರ ಮಾತಾಡು,” ಅಂದರು ಅಕ್ಕ.

ಸಂಜೆ ಗಾಡಿ ಸಿಕ್ಕಿತು. ಎರಡು ಪೈಪು, ಪಳಪಳ ಸ್ಟೀಲು. ಹೊಸ ಆಯಿಲ್ ಹಾಕಿದ್ದರಿಂದ ಲಿವರೂ ಗಟ್ಟಿಯಾಗಿತ್ತು. ಅಕ್ಕ ಬಗ್ಗಿ ನೋಡಿ ಖುಷಿಪಟ್ಟರು.

ತಿಂಗಳೊಳಗೆ, ಡ್ಯೂಟಿ ಮುಗಿಸಿ ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಬ್ರೇಕು ಹಿಡಿದರೆ ಲಿವರ್ ಸೀದಾ ಹ್ಯಾಂಡಲ್ಲಿಗೆ ಅಂಟಿಕೊಂಡಿತಂತೆ. ಮಂಡಿಯ ಕೆಳಗೆ ಕಾಲು ಪುಡಿಯಾಯಿತು. ಗಾಡಿ ತರಲು ಹೋದವನು ನಾನು. ಪೈಪು ಒಡೆದ ಜಾಗ ನೋಡಿದೆ... ಬಿರುಕುಬಿಟ್ಟ ಹಳೇ ರಬ್ಬರ್ ಪೈಪಿನ ಮೇಲೆ ಬರೀ ಸ್ಟೀಲಿನ ಜಾಲರಿ ತೊಡಿಸಿದ್ದ, ಪಾಪಿ!

“ಬೈಕು ಹಂಗೇ ಇರ್ಲಿ ಕಣೋ, ಯಾರೂ ಮುಟ್ಬಾರ್ದು. ಕಂಪ್ಲೇಂಟ್ ಕೊಡ್ತೀನಿ,” ಅಂದರು ಅಕ್ಕ, ಆಸ್ಪತ್ರೆಯ ಮಂಚದ ಮೇಲಿಂದಲೇ. ಅವರು ಮನೆಗೆ ಬರುವಷ್ಟರಲ್ಲಿ ಅವರ ಸ್ವಂತ ತಮ್ಮ ಅದನ್ನು ಗುಜರಿಗೆ ಹಾಕಿದ್ದ. ಪೀಡೆ ತೊಲಗಿತು ಅಂದ. ನಾನು ಕಂಡದ್ದನ್ನು ಸ್ಟೇಷನ್ನಿನಲ್ಲಿ ಹೇಳಿದರೆ, ಆ ಪೈಪು ಎಲ್ಲಿ ತೋರಿಸಿ ಅಂದರು. ಊರೆಲ್ಲ ಒಂದೇ ಮಾತು: ಹೆಂಗಸಿಗೆ ಅಷ್ಟು ಸ್ಪೀಡು ಯಾಕೆ ಬೇಕಿತ್ತು?

ಅಕ್ಕ ಬಿಡಲಿಲ್ಲ. ಊರುಗೋಲು ಹಿಡಿದು ಆ ಗ್ಯಾರೇಜಿನ ಮುಂದೆಯೇ ನಿಂತರು. ಬಂದ ಗಿರಾಕಿಗಳಿಗೆಲ್ಲ ಕಾಲು ತೋರಿಸಿ, ನಡೆದದ್ದನ್ನು ಹೇಳಿದರು. ಮತ್ತೆ ಮತ್ತೆ ಹೋಗಿ ಹೇಳಿದರು. ಕೊನೆಗೆ ಅವನೇ ಅಂಗಡಿ ಖಾಲಿ ಮಾಡಿಕೊಂಡು ಹೋದ. ಆದರೆ ಅಕ್ಕನಿಗೆ ಮತ್ತೆ ಬೈಕು ಹತ್ತಲಾಗಲಿಲ್ಲ...

ಹೋದ ವರ್ಷ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಫೋನ್ ಮಾಡಿದವನು ಆ ತಮ್ಮನೇ. “ಮೊದ್ಲಿಂದ್ಲೂ ಹಟಮಾರಿ ಕಣ್ರೀ, ಅದ್ಕೇ ಕಾಲು ಕಳ್ಕೊಂಡ್ಳು,” ಅಂದ. ಮಣ್ಣಿಗೆ ಹೋದೆ. ಅವನ ಮುಖ ನೋಡಲಿಲ್ಲ.

ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯವರೇ... ನಾನಿನ್ನೂ ಅವರನ್ನು ಮಾತಾಡಿಸಿಲ್ಲ.