ಹಿಟ್ಟಿನಲ್ಲಿ ಕಲಿತ ಅಕ್ಷರ

ಸೋಲಾಪುರದ ಕಡೆಯ ನಮ್ಮ ಜೈಲಿನ ಕೈದಿ ಹೆಂಗಸರಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಎಲ್ಲರ ಕಾಗದಗಳನ್ನೂ ನಾನೇ ಓದಿ ಹೇಳುತ್ತಿದ್ದೆ. ಹೌಸಾಬಾಯಿಗೆ ಮಗಳಿಂದ ಮೂರು ಬಂದಿದ್ದವು. "ಆಯೀ, ಚೆನ್ನಾಗಿದ್ದೀನಿ, ಹೊತ್ತಿಗೆ ಸರಿಯಾಗಿ ಉಣ್ಣು" ಎಂದು ಓದಿದ್ದೆ.

ತಾನೇ ಓದಬೇಕೆಂದು ಮುದುಕಿ ಹಟ ಹಿಡಿದಳು. ಗೋಡೆಯ ಮೇಲಿನ ನಿಯಮಗಳ ಫಲಕದಿಂದ ದಿನಕ್ಕೊಂದು ಅಕ್ಷರ ಆರಿಸಿ, ಪಹರೆಯವಳಿಂದ ಅದರ ಹೆಸರು ಕೇಳಿಕೊಳ್ಳುವಳು. ಅಡುಗೆಮನೆಯಲ್ಲಿ ಅಗಲ ತಟ್ಟೆಯಂಥ ಪರಾತದ ಜೋಳದ ಹಿಟ್ಟಿನ ಮೇಲೆ ಅದನ್ನು ಬೆರಳಿನಿಂದ ಬರೆದು, ಅದರ ಮೇಲೆಯೇ ಭಾಕ್ರಿ ತಟ್ಟುವಳು.

"ಅರವತ್ತಕ್ಕೆ ಕಲೆಕ್ಟರ್ ಆಗ್ತೀಯೇನೇ?" ಎಂದು ಛೇಡಿಸಿದೆ.

"ಮೊದ್ಲು ನಿನ್ ಭಾಕ್ರಿ ಸೀದೋಗ್ತಿರೋದು ನೋಡು!"

ಸಿಟ್ಟು ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದವಳು ಈಗ ಹಿಟ್ಟಿನ ಮುಂದೆ ಹೋಗಿ ಕೂರುತ್ತಿದ್ದಳು.

ವರ್ಷದ ಮೇಲೊಂದು ಮಧ್ಯಾಹ್ನ ಅವಳು ಆ ಮೂರು ಕಾಗದಗಳನ್ನು ಬಿಚ್ಚಿದಳು. ಉಣ್ಣುತ್ತಿದ್ದ ನಾನು ತುತ್ತು ಕೆಳಗಿಟ್ಟೆ. ಮೂರರಲ್ಲೂ ಇದ್ದದ್ದು ಒಂದೇ: "ನನಗೆ ತಾಯಿ ಇಲ್ಲ. ಇನ್ನು ಕಾಗದ ಹಾಕಬೇಡ."

ಬೆರಳಿಟ್ಟು ಕೊನೆಯವರೆಗೂ ಓದಿದಳು, ಮಡಿಸಿದಳು. ಎದ್ದು ಬಂದು ನನ್ನ ತಟ್ಟೆಗೆ ಬಿಸಿ ಭಾಕ್ರಿ ಹಾಕಿದಳು.

"ಬರೆದಿದ್ದನ್ನ ಓದೋಕೆ ಕಲಿತೆ, ಪೋರೀ. ಬರೀದೆ ಇದ್ದಿದ್ದನ್ನ ಓದೋ ನಿನ್ ವಿದ್ಯೆ ನಂಗಿನ್ನೂ ಬಂದಿಲ್ಲ."